ಗುಣಾಕಾರ, ಭಾಗಾಕಾರ, ಶೇಷ: ಮೊಬೈಲಿನೊಳಗಿನ ಒಂದು ಲೆಕ್ಕ ಕೋರ್ಟ್ ಮೆಟ್ಟಿಲೇರಿದ ಕಥೆ

ನೀವು ಮೊಬೈಲಿನಲ್ಲಿ ವಿಡಿಯೊ ನೋಡುತ್ತಿರುವಾಗ ನಿಮ್ಮ ಫೋನ್ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಟವರಿನಿಂದ ತನ್ನ ಹೆಸರಿಗೆ ಏನಾದರೂ ಸೂಚನೆ ಬಂದಿದೆಯಾ ಎಂದು ಸೆಕೆಂಡಿಗೆ ಸಾವಿರ ಸಲದವರೆಗೂ ಹುಡುಕುತ್ತಿರುತ್ತದೆ. ಈ ಸೂಚನೆಗಳು ಬರುವ ದಾರಿಗೆ ಕಂಟ್ರೋಲ್ ಚಾನೆಲ್ ಎಂದು ಹೆಸರು. ಮಾತು, ಹಾಡು, ಚಿತ್ರ ಎಲ್ಲ ಬೇರೆ ದಾರಿಯಲ್ಲಿ ಬರುತ್ತವೆ. ಯಾವುದು ಯಾರಿಗೆ, ಎಲ್ಲಿದೆ, ಹೇಗೆ ತೆಗೆದುಕೊಳ್ಳಬೇಕು ಎನ್ನುವುದನ್ನು ಮೊದಲು ಹೇಳುವುದು ಕಂಟ್ರೋಲ್ ಚಾನೆಲ್. ಊರಿನಲ್ಲಿ ಡಂಗುರ ಸಾರಿದ ಮೇಲೆ ತಾನೆ ಜನ ಸೇರುವುದು? ಹಾಗೆಯೇ ಇದು.

ಈ ಸೂಚನೆಯನ್ನು ಎಲ್ಲಿ ಹುಡುಕಬೇಕು ಎಂದು ಫೋನಿಗೆ ತಿಳಿಸುವ ಒಂದು ಲೆಕ್ಕವಿದೆ. ಗುಣಾಕಾರ, ಭಾಗಾಕಾರ ಗೊತ್ತಿರುವ ಹೈಸ್ಕೂಲ್ ಮಕ್ಕಳು ಮಾಡಬಹುದಾದಷ್ಟು ಸರಳ. ಆ ಲೆಕ್ಕ ಒಂದು ಕಂಪನಿಯ ಆಸ್ತಿಯಾಗಬಹುದೇ? ಈ ಪ್ರಶ್ನೆ ಅಮೆರಿಕದ ಕೋರ್ಟಿನಲ್ಲಿ ಕೋಟ್ಯಂತರ ಡಾಲರಿನ ಜಗಳದ ಭಾಗವಾಯಿತು. ಇದೇ ಜಾತಿಯ ಪ್ರಶ್ನೆ ನಮ್ಮ ದೆಹಲಿ ಹೈಕೋರ್ಟಿಗೂ ಬಂತು. ಅದರ ಬಿಸಿ ನಾವು ನೀವು ಕೊಳ್ಳುವ ಫೋನಿನ ಬೆಲೆಗೂ ತಟ್ಟುತ್ತದೆ. ಆದ್ದರಿಂದ ಈ ಕಥೆಯನ್ನು ಮೊದಲಿನಿಂದ ಹೇಳುತ್ತೇವೆ.

ತಂತಿಯ ಕಾಲದ ಜಗಳ

ಪೇಟೆಂಟ್ ಎಂದರೆ ಸರ್ಕಾರ ಮತ್ತು ಹೊಸದನ್ನು ಕಂಡುಹಿಡಿದವರ ನಡುವಿನ ಒಂದು ಒಪ್ಪಂದ. ‘ನಿನ್ನ ಗುಟ್ಟನ್ನು ಎಲ್ಲರಿಗೂ ತಿಳಿಯುವಂತೆ ಬರೆದುಕೊಡು, ಇಷ್ಟು ವರ್ಷ ನಿನ್ನ ಅಪ್ಪಣೆ ಇಲ್ಲದೆ ಬೇರೆಯವರು ಅದನ್ನು ಬಳಸದಂತೆ ನೋಡಿಕೊಳ್ಳುತ್ತೇವೆ’ ಎನ್ನುವುದು ಅದರ ಸಾರ. ಈಗ ಆ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ಏನಕ್ಕೆ ಕೊಡಬೇಕು, ಏನಕ್ಕೆ ಕೊಡಬಾರದು ಎನ್ನುವ ಗಡಿ ಯಾವತ್ತೂ ಸುಲಭವಾಗಿ ನಿಂತಿಲ್ಲ.

ದೂರಸಂಪರ್ಕದಲ್ಲಿ ಈ ಗಡಿಯ ಜಗಳಕ್ಕೆ ಸುಮಾರು 170 ವರ್ಷದ ಇತಿಹಾಸವಿದೆ. ಟೆಲಿಗ್ರಾಫ್ ಯಂತ್ರ ಮಾಡಿದ ಸ್ಯಾಮ್ಯುಯೆಲ್ ಮೋರ್ಸ್ ತನ್ನ ಪೇಟೆಂಟಿನಲ್ಲಿ ಎಂಟು ಹಕ್ಕುಗಳನ್ನು ಕೇಳಿದ್ದರು. ಮೊದಲಿನವು ತಮ್ಮ ಯಂತ್ರ, ತಮ್ಮ ಚುಕ್ಕಿ ಗೆರೆಗಳ ಪದ್ಧತಿಗೆ ಸಂಬಂಧಪಟ್ಟವು. ಎಂಟನೆಯದು ಮಾತ್ರ ಬಹಳ ದೊಡ್ಡ ಆಸೆ. ವಿದ್ಯುತ್ಕಾಂತ ಶಕ್ತಿಯಿಂದ ದೂರದಲ್ಲಿ ಅಕ್ಷರ ಮೂಡಿಸುವ ಕೆಲಸವನ್ನು ಯಾರು, ಯಾವ ರೀತಿಯಲ್ಲಿ, ಮುಂದೆ ಯಾವ ಯಂತ್ರದಿಂದ ಮಾಡಿದರೂ ಅದು ತಮ್ಮದೇ ಎಂದು ಬರೆದಿದ್ದರು. 1854ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟನೆಯ ಹಕ್ಕನ್ನು ತಳ್ಳಿಹಾಕಿತು. ನೀನು ಮಾಡಿದ ಯಂತ್ರ ನಿನ್ನದು, ಪ್ರಕೃತಿಯ ಶಕ್ತಿ ನಿನ್ನದಲ್ಲ ಎನ್ನುವುದು ಆ ತೀರ್ಪಿನ ತಿರುಳು. ಮುಂದೆ ಬಂದ ಎಷ್ಟೋ ಜಗಳಗಳಲ್ಲಿ ವಕೀಲರು ಇದೇ ತೀರ್ಪಿನ ಬಾಗಿಲು ತಟ್ಟಿದ್ದಾರೆ.

ತಂತಿ ಹೋಗಿ ರೇಡಿಯೊ ಬಂತು. ಭಾರತದ ಜಗದೀಶ ಚಂದ್ರ ಬೋಸ್ ಕೋಲ್ಕತ್ತದಲ್ಲಿ ತಂತಿಯಿಲ್ಲದ ಅಲೆಗಳ ಪ್ರಯೋಗ ಮಾಡಿ ತೋರಿಸಿದವರು. ಜ್ಞಾನವನ್ನು ಬೀಗ ಹಾಕಿ ಇಡುವುದು ಅವರಿಗೆ ಇಷ್ಟವಿರಲಿಲ್ಲ. ಆದರೂ ಸ್ನೇಹಿತರ ಒತ್ತಾಯದಿಂದ ಅಲೆಗಳನ್ನು ಗುರುತಿಸುವ ಒಂದು ಸಾಧನಕ್ಕೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹೋಯಿತು, 1904ರಲ್ಲಿ ಪೇಟೆಂಟ್ ಸಿಕ್ಕಿತು. ಇತ್ತ ಇಟಲಿಯ ಮಾರ್ಕೋನಿ ಪೇಟೆಂಟ್‌ಗಳ ಮೇಲೆಯೇ ಕಂಪನಿ ಕಟ್ಟಿದರು. 1900ರ ಅವರ ಬ್ರಿಟಿಷ್ ಪೇಟೆಂಟಿನ ಸಂಖ್ಯೆ 7777. ಒಂದು ಸ್ಟೇಷನ್ನಿನ ಅಲೆ ಇನ್ನೊಂದರ ಜೊತೆ ಕಲಸಿಕೊಳ್ಳದಂತೆ ಟ್ಯೂನ್ ಮಾಡುವ ವಿಧಾನ ಅದರಲ್ಲಿತ್ತು. ಇದೇ ವಿಷಯದ ಅವರ ಅಮೆರಿಕದ ಪೇಟೆಂಟಿನ ಮುಖ್ಯ ಹಕ್ಕುಗಳನ್ನು 1943ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಮಾಡಿತು. ಲಾಡ್ಜ್, ಟೆಸ್ಲಾ, ಸ್ಟೋನ್ ಎಂಬುವರು ಮೊದಲೇ ಮಾಡಿದ್ದ ಕೆಲಸ ಅದಕ್ಕೆ ಕಾರಣವಾಯಿತು. ಅಷ್ಟರಲ್ಲಿ ಮಾರ್ಕೋನಿ ತೀರಿಕೊಂಡು ಆರು ವರ್ಷವಾಗಿತ್ತು.

1942ರಲ್ಲಿ ಇನ್ನೊಂದು ಪೇಟೆಂಟ್ ಬಂತು. ಪಡೆದವರು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಟಾರ್ಪೆಡೊಗೆ ಹೋಗುವ ರೇಡಿಯೊ ಸೂಚನೆಯನ್ನು ಶತ್ರು ಕೆಡಿಸದಂತೆ, ಕಳಿಸುವವರೂ ಪಡೆಯುವವರೂ ಒಟ್ಟಿಗೆ ಒಂದು ಅಲೆಯಿಂದ ಇನ್ನೊಂದಕ್ಕೆ ನೆಗೆಯುತ್ತಾ ಹೋಗುವ ಉಪಾಯ ಅದು. ಪಿಯಾನೊದಲ್ಲಿ 88 ಮನೆಗಳಿರುವಂತೆ ಇಲ್ಲಿಯೂ 88 ಅಲೆಗಳು. ಎರಡೂ ಕಡೆ ಒಂದೇ ರೀತಿ ತೂತು ಕೊರೆದ ಕಾಗದದ ಸುರುಳಿ ತಿರುಗಬೇಕು. ಅವರಿಗೆ ಅದರಿಂದ ದುಡ್ಡೇನೂ ಬರಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ‘ಮುಂದಿನ ಜಾಗ ಯಾವುದು’ ಎನ್ನುವ ಗುಟ್ಟು ಅಲ್ಲಿ ಕಾಗದದ ಸುರುಳಿಯಲ್ಲಿತ್ತು. ಕೈಯಲ್ಲಿ ಹಿಡಿಯುವ ವಸ್ತುವಾದ್ದರಿಂದ ಇದು ಬರೀ ಲೆಕ್ಕವಲ್ಲವೇ ಎಂದು ಯಾರೂ ಕೇಳುವಂತಿರಲಿಲ್ಲ. ನಮ್ಮ ಮೊಬೈಲಿನಲ್ಲಿ ಆ ಸುರುಳಿಯ ಜಾಗಕ್ಕೆ ಲೆಕ್ಕ ಬಂದು ಕುಳಿತಿದೆ. ಕೋರ್ಟಿನ ತಲೆನೋವು ಅಲ್ಲಿಂದಲೇ ಶುರು.

ರಬ್ಬರಿನ ಅಚ್ಚು ಮತ್ತು ಗಣಿತ

1960ರ ದಶಕದಲ್ಲಿ ಕಂಪ್ಯೂಟರುಗಳು ಹೆಚ್ಚಿದ ಮೇಲೆ ಲೆಕ್ಕದ ವಿಧಾನಗಳಿಗೂ ಪೇಟೆಂಟ್ ಕೇಳುವುದು ಶುರುವಾಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಇಲ್ಲಿ ಮುಖ್ಯ.

1972ರ ಬೆನ್ಸನ್ ಪ್ರಕರಣ: ಒಂದು ರೀತಿಯಲ್ಲಿ ಬರೆದ ಅಂಕಿಗಳನ್ನು ಕಂಪ್ಯೂಟರಿನ ಸೊನ್ನೆ ಒಂದರ ಭಾಷೆಗೆ ಬದಲಿಸುವ ವಿಧಾನ. ಇದಕ್ಕೆ ಪೇಟೆಂಟ್ ಕೊಟ್ಟರೆ ಗಣಿತದ ಸೂತ್ರಕ್ಕೇ ಕೊಟ್ಟಂತೆ ಎಂದು ಕೋರ್ಟ್ ನಿರಾಕರಿಸಿತು.

1978ರ ಫ್ಲುಕ್ ಪ್ರಕರಣ: ಕಾರ್ಖಾನೆಯಲ್ಲಿ ಅಪಾಯದ ಗಂಟೆ ಯಾವಾಗ ಹೊಡೆಯಬೇಕು ಎಂಬ ಮಿತಿಯನ್ನು ಆಗಾಗ ಹೊಸದಾಗಿ ಲೆಕ್ಕ ಹಾಕುವ ವಿಧಾನ. ಹೊಸದಾಗಿದ್ದದ್ದು ಸೂತ್ರ ಒಂದೇ. ಅದಕ್ಕೂ ಸಿಗಲಿಲ್ಲ.

1981ರ ಡೀರ್ ಪ್ರಕರಣ: ಅಚ್ಚಿನಲ್ಲಿ ರಬ್ಬರ್ ಬೇಯಿಸುವಾಗ ಒಳಗಿನ ಬಿಸಿಯನ್ನು ಅಳೆಯುತ್ತಾ, ಹಳೆಯದೊಂದು ಸೂತ್ರದಿಂದ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತಾ, ಸರಿಯಾದ ಗಳಿಗೆಗೆ ಅಚ್ಚನ್ನು ತೆರೆಯುವ ವಿಧಾನ. ಇದಕ್ಕೆ ಪೇಟೆಂಟ್ ಸಿಕ್ಕಿತು. ಸೂತ್ರ ಇದ್ದರೂ ಕೊನೆಗೆ ಹದವಾಗಿ ಬೆಂದ ರಬ್ಬರ್ ಹೊರಗೆ ಬರುತ್ತದಲ್ಲ, ಕೋರ್ಟ್ ನೋಡಿದ್ದು ಅದನ್ನು.

2014ರಲ್ಲಿ ಆಲಿಸ್ ಎಂಬ ಪ್ರಕರಣದಲ್ಲಿ ಅದೇ ಕೋರ್ಟ್ ಎರಡು ಹೆಜ್ಜೆಯ ಪರೀಕ್ಷೆಯನ್ನು ಗಟ್ಟಿಮಾಡಿತು. ಮೊದಲ ಹೆಜ್ಜೆ: ಇದು ಬರೀ ಅಮೂರ್ತ ಕಲ್ಪನೆಯೇ, ಅಂದರೆ ತಲೆಯಲ್ಲಿರುವ ವಿಚಾರ ಅಥವಾ ಗಣಿತವೇ? ಹೌದಾದರೆ ಎರಡನೆಯ ಹೆಜ್ಜೆ: ಅದಕ್ಕಿಂತ ಹೆಚ್ಚಿನದು ಏನಾದರೂ ಇದೆಯೇ? ಎರಡನೆಯದರಲ್ಲೂ ಸೋತರೆ ಪೇಟೆಂಟ್ ಇಲ್ಲ. ಈ ಪರೀಕ್ಷೆಯ ಮುಂದೆಯೇ ಮೊಬೈಲಿನ ಲೆಕ್ಕ ಬಂದು ನಿಂತದ್ದು.

ಅಂಚೆ ಗೂಡುಗಳು

ಮೊಬೈಲಿಗೆ ಕಂಟ್ರೋಲ್ ಚಾನೆಲ್ ಮೊದಲಿನಿಂದಲೂ ಇದೆ. 1983ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಶುರುವಾದ ಮೊದಲ ತಲೆಮಾರಿನ ಸೇವೆಯಲ್ಲಿ ಒಂದು ಕಂಪನಿಗೆ ಇಂಥ 21 ಚಾನೆಲ್‌ಗಳಿದ್ದವು. ಫೋನ್ ಅವುಗಳಲ್ಲಿ ಜೋರಾಗಿ ಕೇಳಿಸುವುದನ್ನು ಹಿಡಿದು ತನ್ನ ನಂಬರಿಗೆ ಕರೆ ಬರುತ್ತದೆಯೇ ಎಂದು ಕಾಯುತ್ತಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಆಯಿತು. ಕೋಲ್ಕತ್ತದಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರಿಗೆ ಮಾಡಿದ ಕರೆ ಅದು. ಆಗ ಕರೆ ಬಂತೇ ಎಂದು ನೋಡಿದರೆ ಸಾಕಿತ್ತು. ಇಂಟರ್ನೆಟ್ ಬಂದ ಮೇಲೆ ಪ್ರತಿ ಗಳಿಗೆಯೂ ಹಂಚಿಕೆ. 4ಜಿ ನಿಯಮಗಳನ್ನು 2008ರಲ್ಲಿ ಬರೆಯುವಾಗ ಹಂಚಿಕೆಯ ಸೂಚನೆಯನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ, ಅಂದರೆ ಒಂದು ಮಿಲಿಸೆಕೆಂಡಿಗೊಮ್ಮೆ ಕಳಿಸುವಂತೆ ಮಾಡಿದರು.

ಇದನ್ನು ಅಂಚೆ ಕಚೇರಿಯ ಗೂಡುಗಳಿಗೆ ಹೋಲಿಸಿ ನೋಡಿ. ಕಪಾಟಿನಲ್ಲಿ ಹಲವು ಗೂಡು. ಟವರ್ ಪ್ರತಿ ಮಿಲಿಸೆಕೆಂಡಿಗೂ ಬೇರೆ ಬೇರೆ ಫೋನಿನ ಚೀಟಿಗಳನ್ನು ಅವುಗಳಲ್ಲಿ ಇಡುತ್ತದೆ. ಚೀಟಿಯ ಮೇಲೆ ವಿಳಾಸವಿಲ್ಲ. ಫೋನ್ ಒಂದೊಂದನ್ನೂ ತನ್ನ ಬೀಗದ ಕೈಯಿಂದ ತೆರೆಯಲು ಪ್ರಯತ್ನಿಸಬೇಕು, ತೆರೆದದ್ದು ತನ್ನದು. ಎಲ್ಲ ಗೂಡುಗಳನ್ನೂ ಹುಡುಕುತ್ತ ಕೂತರೆ ಬ್ಯಾಟರಿ ಖಾಲಿ. ಅದಕ್ಕೇ 4ಜಿಯ ಮೊದಲ ನಿಯಮದಲ್ಲಿ ಒಂದು ಮಿಲಿಸೆಕೆಂಡಿಗೆ ಹೆಚ್ಚೆಂದರೆ 44 ಪ್ರಯತ್ನ ಎಂದು ಮಿತಿ ಹಾಕಿದರು.

ಹಾಗಾದರೆ ಯಾವ ಗೂಡಿನಿಂದ ಹುಡುಕಲು ಶುರು ಮಾಡಬೇಕು? ಟವರಿಗೂ ಫೋನಿಗೂ ಒಂದೇ ಉತ್ತರ ಗೊತ್ತಿರಬೇಕು, ಅದನ್ನು ಹೇಳಿಕೊಳ್ಳಲು ಬೇರೆ ಮಾತುಕತೆ ಆಗಬಾರದು. ಪ್ರತಿ ಫೋನಿಗೂ ಒಂದೇ ಗೂಡು ಕಾಯಂ ಮಾಡೋಣ ಎಂದರೆ ಇನ್ನೊಂದು ತೊಂದರೆ. ಇಬ್ಬರಿಗೆ ಒಂದೇ ಗೂಡು ಬಿದ್ದರೆ ಯಾವಾಗಲೂ ಇಬ್ಬರೂ ಅಲ್ಲೇ ಡಿಕ್ಕಿ ಹೊಡೆಯುತ್ತಾರೆ. ಆದ್ದರಿಂದ ಗೂಡು ಪ್ರತಿ ಸಲವೂ ಬದಲಾಗಬೇಕು.

ಇದಕ್ಕೆ ಒಪ್ಪಿಕೊಂಡ ಲೆಕ್ಕ ಹೀಗಿದೆ. ಟವರ್ ನಿಮ್ಮ ಫೋನಿಗೆ ತಾತ್ಕಾಲಿಕವಾಗಿ ಒಂದು ಸಂಖ್ಯೆ ಕೊಟ್ಟಿರುತ್ತದೆ. ಅದನ್ನು 39827ರಿಂದ ಗುಣಿಸಿ, 65537ರಿಂದ ಭಾಗಿಸಿ, ಉಳಿದ ಶೇಷವನ್ನು ಇಟ್ಟುಕೊಳ್ಳಿ. ಮುಂದಿನ ಮಿಲಿಸೆಕೆಂಡಿಗೆ ಆ ಶೇಷವನ್ನೇ ಮತ್ತೆ 39827ರಿಂದ ಗುಣಿಸಿ, 65537ರಿಂದ ಭಾಗಿಸಿ, ಶೇಷ ತೆಗೆಯಿರಿ. ಹೀಗೇ ಮುಂದುವರಿಯಬೇಕು.

ಒಂದು ಸಲ ಮಾಡಿಯೇ ನೋಡೋಣ. ಒಬ್ಬರ ಫೋನಿನ ಸಂಖ್ಯೆ 100, ಇನ್ನೊಬ್ಬರದು 101 ಎಂದಿಟ್ಟುಕೊಳ್ಳಿ. 100ರ ಶೇಷ 50480 ಬರುತ್ತದೆ, 101ರ ಶೇಷ 24770. ಕಪಾಟಿನಲ್ಲಿ 10 ಗೂಡುಗಳಿದ್ದರೆ ಈ ಶೇಷವನ್ನು ಮತ್ತೆ 10ರಿಂದ ಭಾಗಿಸಿ ಶೇಷ ನೋಡಬೇಕು, ಅಂದರೆ ಕೊನೆಯ ಅಂಕಿ. ಇಬ್ಬರಿಗೂ 0 ಬಂತು. ಒಂದೇ ಗೂಡು, ಡಿಕ್ಕಿ! ಮುಂದಿನ ಮಿಲಿಸೆಕೆಂಡಿಗೆ ಮೊದಲನೆಯವರ ಶೇಷ 53948, ಎರಡನೆಯವರದು 51866. ಕೊನೆಯ ಅಂಕಿ 8 ಮತ್ತು 6. ಇಬ್ಬರೂ ಬೇರೆಯಾದರು. ಕೈಯಲ್ಲಿ ಪೆನ್ನು ಇದ್ದರೆ ನೀವೂ ಮಾಡಿ ನೋಡಬಹುದು.

65537 ಎನ್ನುವುದು 65536ಕ್ಕೆ ಒಂದು ಸೇರಿಸಿದ ಸಂಖ್ಯೆ, ಅವಿಭಾಜ್ಯ. ಫೋನಿಗೆ ಕೊಡುವ ತಾತ್ಕಾಲಿಕ ಸಂಖ್ಯೆ 65536ಕ್ಕಿಂತ ಚಿಕ್ಕದು. ಹಾಗಾಗಿ ಬೇರೆ ಬೇರೆ ಫೋನುಗಳ ಶೇಷ ಯಾವತ್ತೂ ಒಂದೇ ಆಗುವುದಿಲ್ಲ, ಸೊನ್ನೆಯೂ ಆಗುವುದಿಲ್ಲ. ಗುಣಿಸಿ ಶೇಷ ತೆಗೆಯುವ ಈ ಬಗೆಯ ಲೆಕ್ಕ ಕಂಪ್ಯೂಟರಿನವರಿಗೆ ಹೊಸದೇನಲ್ಲ. ನೋಡಲು ಕ್ರಮವೇ ಇಲ್ಲದಂಥ ಸಂಖ್ಯೆಗಳನ್ನು ಹುಟ್ಟಿಸಲು ದಶಕಗಳಿಂದ ಬಳಸುತ್ತಿದ್ದರು. ಅದನ್ನು ಕಂಟ್ರೋಲ್ ಚಾನೆಲ್ಲಿಗೆ ಹೊಂದಿಸಿ, ಯಾವ ಸಂಖ್ಯೆ ಹಾಕಬೇಕು ಎಂದು ಹೇಳಿದ್ದು ಕೊರಿಯಾದ ಎಲ್‌ಜಿ ಕಂಪನಿಯ ಎಂಜಿನಿಯರುಗಳ ಪೇಟೆಂಟ್. ಅಮೆರಿಕದಲ್ಲಿ ಅದು ಮಂಜೂರಾದದ್ದು 2011ರಲ್ಲಿ.

ಮಾರ್ಷಲ್ ಪಟ್ಟಣದ ಕೋರ್ಟು

ಆ ಪೇಟೆಂಟ್ ಆಮೇಲೆ ಆಪ್ಟಿಸ್ ಎಂಬ ಕಂಪನಿಯ ಕೈಗೆ ಬಂತು. ಆಪ್ಟಿಸ್ ಫೋನ್ ಮಾಡುವುದಿಲ್ಲ. ಬೇರೆಯವರ ಪೇಟೆಂಟ್ ಕೊಂಡು, ಬಳಸುವವರಿಂದ ಹಣ ವಸೂಲು ಮಾಡುವುದು ಅದರ ವ್ಯವಹಾರ. ಅದು ಆ್ಯಪಲ್ ಕಂಪನಿಯ ಮೇಲೆ ಟೆಕ್ಸಸ್ ರಾಜ್ಯದ ಮಾರ್ಷಲ್ ಎಂಬ ಪುಟ್ಟ ಪಟ್ಟಣದ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿತು. ಒಟ್ಟು ಐದು 4ಜಿ ಪೇಟೆಂಟ್‌ಗಳು, ಅದರಲ್ಲಿ ಒಂದು ನಮ್ಮ ಗೂಡಿನ ಲೆಕ್ಕ. 2020ರ ಆಗಸ್ಟಿನಲ್ಲಿ ಜ್ಯೂರಿ 50.62 ಕೋಟಿ ಡಾಲರ್ ಕೊಡಬೇಕೆಂದಿತು. ಪರಿಹಾರದ ಮೊತ್ತದ ಬಗ್ಗೆ ಮತ್ತೆ ವಿಚಾರಣೆಯಾಗಿ 2021ರಲ್ಲಿ ಅದು 30 ಕೋಟಿ ಡಾಲರಿಗೆ ಇಳಿಯಿತು.

2025ರ ಆಗಸ್ಟ್ 21ರಂದು ಮೇಲ್ಮನವಿ ಕೋರ್ಟ್ ಎರಡನ್ನೂ ರದ್ದುಮಾಡಿತು. ಮುಖ್ಯ ಕಾರಣ ಜ್ಯೂರಿಗೆ ಕೇಳಿದ ಪ್ರಶ್ನೆ. ಐದು ಪೇಟೆಂಟ್‌ಗಳನ್ನೂ ಒಟ್ಟು ಸೇರಿಸಿ ‘ಇವುಗಳಲ್ಲಿ ಯಾವುದಾದರೂ ಒಂದನ್ನು ಮೀರಿದ್ದಾರೆಯೇ’ ಎಂದು ಒಂದೇ ಪ್ರಶ್ನೆ ಕೇಳಲಾಗಿತ್ತು. ಒಬ್ಬ ಸದಸ್ಯ ಒಂದು ಪೇಟೆಂಟ್ ಮನಸ್ಸಿನಲ್ಲಿಟ್ಟುಕೊಂಡು, ಇನ್ನೊಬ್ಬ ಬೇರೊಂದನ್ನು ಇಟ್ಟುಕೊಂಡು ಹೌದೆಂದಿದ್ದರೆ ಅದು ಒಮ್ಮತ ಹೇಗಾಗುತ್ತದೆ?

ಗೂಡಿನ ಲೆಕ್ಕದ ಬಗ್ಗೆ ಕೋರ್ಟ್ ಹೇಳಿದ್ದು ಬೇರೆಯೇ. ಹುಡುಕುವ ಜಾಗವನ್ನು ಸೂತ್ರದಿಂದ ಹೇಳುವ ಆ ಹಕ್ಕುಗಳು ಮೂಲದಲ್ಲಿ ಗಣಿತದ ಸೂತ್ರವನ್ನೇ ಕೇಳುತ್ತಿವೆ, ಅದು ಅಮೂರ್ತ ಕಲ್ಪನೆ ಎಂದಿತು. ಕೆಳಗಿನ ಕೋರ್ಟ್ ಹಾಗಲ್ಲ ಎಂದಿದ್ದು ತಪ್ಪು ಎಂದಿತು. ಅಂದರೆ ಎರಡು ಹೆಜ್ಜೆಯ ಪರೀಕ್ಷೆಯಲ್ಲಿ ಮೊದಲ ಹೆಜ್ಜೆ ಪೇಟೆಂಟಿಗೆ ವಿರುದ್ಧವಾಯಿತು. ಸೂತ್ರಕ್ಕಿಂತ ಹೆಚ್ಚಿನದು ಏನಾದರೂ ಇದೆಯೇ ಎಂಬ ಎರಡನೆಯ ಹೆಜ್ಜೆಯನ್ನು ನೋಡುವಂತೆ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಇದು ಬರೀ ಸೂತ್ರ ಎನ್ನುವವರಿಗೆ ಬೆನ್ಸನ್ ಮತ್ತು ಫ್ಲುಕ್ ತೀರ್ಪುಗಳ ಬೆಂಬಲ. ಇದರಿಂದ ಡಿಕ್ಕಿ ಕಡಿಮೆಯಾಗಿ ಫೋನೂ ಟವರೂ ನಿಜವಾಗಿ ಚೆನ್ನಾಗಿ ಕೆಲಸ ಮಾಡುತ್ತವೆ ಎನ್ನುವವರಿಗೆ ರಬ್ಬರಿನ ಅಚ್ಚಿನ ತೀರ್ಪು ಆಸರೆ. ರಬ್ಬರ್ ಬೆಂದದ್ದು ಕಣ್ಣಿಗೆ ಕಾಣುತ್ತದೆ. ಅಲೆಗಳ ನಡುವೆ ತಪ್ಪಿದ ಡಿಕ್ಕಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸವೇ?

ನಮ್ಮ ಕಾನೂನು ಏನನ್ನುತ್ತದೆ?

ನಮ್ಮ ಪೇಟೆಂಟ್ ಕಾಯ್ದೆ 1970ರದು. 2002ರ ತಿದ್ದುಪಡಿಯಲ್ಲಿ 3(ಕೆ) ಎಂಬ ಉಪವಿಧಿ ಸೇರಿತು. ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಆಲ್ಗಾರಿದಂ ಇವು ಆವಿಷ್ಕಾರಗಳಲ್ಲ ಎಂದು ಅದು ಹೇಳುತ್ತದೆ. ಅಮೆರಿಕದಲ್ಲಿ ಕೋರ್ಟುಗಳು ಕಟ್ಟಿದ ಬೇಲಿಯನ್ನು ನಮ್ಮಲ್ಲಿ ಸಂಸತ್ತೇ ಕಟ್ಟಿದೆ. 2004ರ ಕೊನೆಯಲ್ಲಿ ಬಂದ ಸುಗ್ರೀವಾಜ್ಞೆ ಈ ಬೇಲಿಯನ್ನು ಸಡಿಲಿಸಲು ನೋಡಿತು. ಉದ್ಯಮದಲ್ಲಿ ತಾಂತ್ರಿಕವಾಗಿ ಬಳಸುವ ಅಥವಾ ಯಂತ್ರದ ಜೊತೆ ಸೇರಿದ ಪ್ರೋಗ್ರಾಂಗೆ ಪೇಟೆಂಟ್ ಕೊಡಬಹುದು ಎಂಬ ಮಾತು ಅದರಲ್ಲಿತ್ತು. 2005ರಲ್ಲಿ ಸಂಸತ್ತು ಕಾಯ್ದೆ ಮಾಡುವಾಗ ಅದನ್ನು ಕೈಬಿಟ್ಟಿತು.

ಆದರೂ ಬೇಲಿಯಲ್ಲಿ ಒಂದು ದಾರಿ ಉಳಿಯಿತು. 2019ರ ಡಿಸೆಂಬರಿನಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು, ಅದರಿಂದ ತಾಂತ್ರಿಕ ಪರಿಣಾಮ ಆಗುತ್ತದೆಯೇ ಎಂದು ನೋಡಬೇಕು ಎಂದಿತು. ಈ ‘ತಾಂತ್ರಿಕ ಪರಿಣಾಮ’ ಎನ್ನುವ ಮಾತಿನ ಮೇಲೆಯೇ ಈಗ ನಮ್ಮಲ್ಲಿ ವಾದ ನಡೆಯುವುದು. ಕರ್ನಾಟಕದವರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಟವರಿನ ಚೀಟಿಯನ್ನು ಕಡಿಮೆ ಬ್ಯಾಟರಿಯಲ್ಲಿ ಹುಡುಕುವ ಉಪಾಯ ಕಂಡುಕೊಂಡರೆ, ಅದು ಬರೀ ಲೆಕ್ಕವಲ್ಲ, ಫೋನಿನಲ್ಲಿ ಇಂಥ ಬದಲಾವಣೆ ಆಗುತ್ತದೆ ಎಂದು ಅಲ್ಲಿ ತೋರಿಸಿಕೊಡಬೇಕು.

ಜನರ ಜೇಬಿಗೆ ಹತ್ತಿರದ ಪ್ರಕರಣ ಎರಿಕ್ಸನ್ ಮತ್ತು ಲಾವಾ ನಡುವಿನದು. ಮೈಕ್ರೋಮ್ಯಾಕ್ಸ್, ಇಂಟೆಕ್ಸ್, ಲಾವಾದಂಥ ನಮ್ಮ ಕಂಪನಿಗಳ ಕಡಿಮೆ ಬೆಲೆಯ ಫೋನುಗಳು ಹಳ್ಳಿ ಹಳ್ಳಿಗೂ ಬಂದದ್ದು ನಿಮಗೆ ನೆನಪಿರಬಹುದು. ಸ್ವೀಡನ್ನಿನ ಎರಿಕ್ಸನ್ ಮೂವರ ಮೇಲೂ ದೆಹಲಿ ಹೈಕೋರ್ಟಿಗೆ ಹೋಯಿತು. ಲಾವಾ ಪ್ರಕರಣದಲ್ಲಿದ್ದದ್ದು ಎಂಟು ಪೇಟೆಂಟ್‌ಗಳು, ಧ್ವನಿಯನ್ನು ಸಂಕೇತವಾಗಿಸುವ ವಿಧಾನಗಳಂಥವು. ಇವೆಲ್ಲ ಆಲ್ಗಾರಿದಂ, 3(ಕೆ) ಪ್ರಕಾರ ನಡೆಯುವುದಿಲ್ಲ ಎಂಬುದು ಲಾವಾದ ವಾದಗಳಲ್ಲಿ ಒಂದು. 2024ರ ಮಾರ್ಚಿನಲ್ಲಿ ಕೋರ್ಟ್ ಒಂದನ್ನು ರದ್ದುಮಾಡಿ ಏಳನ್ನು ಎತ್ತಿಹಿಡಿಯಿತು. ಲಾವಾ 244 ಕೋಟಿ ರೂಪಾಯಿ ಕೊಡಬೇಕು ಎಂದಿತು.

ತಪ್ಪಿಸಿಕೊಳ್ಳಲಾಗದ ದಾರಿ

ಈ ಪೇಟೆಂಟ್‌ಗಳಿಗೂ ಬೇರೆಯವಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಒಬ್ಬರು ಹೊಸ ನೇಗಿಲಿಗೆ ಪೇಟೆಂಟ್ ಪಡೆದರೆ ಇನ್ನೊಬ್ಬರು ಬೇರೆ ರೀತಿಯ ನೇಗಿಲು ಮಾಡಬಹುದು. 4ಜಿ ಫೋನ್ ಮಾಡುವವರಿಗೆ ಆ ಅವಕಾಶವಿಲ್ಲ. 39827ರ ಬದಲು ಬೇರೆ ಸಂಖ್ಯೆ ಹಾಕಿದರೆ ಫೋನ್ ತಪ್ಪು ಗೂಡಿನಲ್ಲಿ ಹುಡುಕುತ್ತದೆ, ಟವರ್ ಇಟ್ಟ ಚೀಟಿ ಸಿಗುವುದೇ ಇಲ್ಲ. 5ಜಿಯಲ್ಲೂ 65537 ಹಾಗೆಯೇ ಉಳಿದಿದೆ, 39827ರ ಜೊತೆಗೆ 39829 ಮತ್ತು 39839 ಸೇರಿಕೊಂಡಿವೆ. ಇಂಥ ಕಡ್ಡಾಯದ ಪೇಟೆಂಟ್ ಇಟ್ಟುಕೊಂಡವರು ಕೇಳಿದವರಿಗೆಲ್ಲ ನ್ಯಾಯವಾದ, ತಾರತಮ್ಯವಿಲ್ಲದ ದರದಲ್ಲಿ ಅನುಮತಿ ಕೊಡಬೇಕು ಎಂಬ ನಿಯಮ ಇರುವುದು ಇದಕ್ಕೇ. ಆ ನ್ಯಾಯವಾದ ದರ ಎಷ್ಟು ಎನ್ನುವುದರಲ್ಲೇ ಜಗಳ.

ಕೊನೆಗೆ ಆ ದರ ಫೋನಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಕಾಣುತ್ತದೆ, ಇದು ಕಾಣುವುದಿಲ್ಲ. ಹಾಗೆಂದು ಪೇಟೆಂಟೇ ಬೇಡ ಎಂದು ನಾವು ಹೇಳುವುದಿಲ್ಲ. ವರ್ಷಗಟ್ಟಲೆ ಕೂತು ಡಿಕ್ಕಿ ತಪ್ಪಿಸುವ ದಾರಿ ಹುಡುಕಿದವರಿಗೆ ಕೂಲಿ ಸಿಗಬೇಕು. ಸಿಗದಿದ್ದರೆ ಮುಂದಿನ ದಾರಿಯನ್ನು ಹುಡುಕುವವರು ಯಾರು? ನಮ್ಮ ಪ್ರಶ್ನೆ ಕೂಲಿಯ ಅಳತೆ ಮತ್ತು ಗಡಿಯ ಬಗ್ಗೆ. ಮೋರ್ಸ್ ಅವರ ಯಂತ್ರಕ್ಕೆ ಪೇಟೆಂಟ್ ಉಳಿಯಿತು, ಎಂಟನೆಯ ಹಕ್ಕು ಬಿತ್ತು. ಆ ಗೆರೆ ಈಗಲೂ ಸರಿಯಾದದ್ದೇ ಎಂದು ನಮಗನ್ನಿಸುತ್ತದೆ: ಲೆಕ್ಕವನ್ನು ಹಿಡಿದು ಮಾಡಿದ ಕೆಲಸಕ್ಕೆ ಬೆಲೆ ಇರಲಿ, ಲೆಕ್ಕ ಎಲ್ಲರದಾಗಿರಲಿ.

2008ರ ಸುಮಾರಿನ ಈ ಪೇಟೆಂಟ್‌ಗಳ ಆಯಸ್ಸು ಈ ದಶಕ ಮುಗಿಯುವುದರೊಳಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಆಮೇಲೆ 39827ರಿಂದ ಗುಣಿಸಿ ಗೂಡು ಹುಡುಕಲು ಯಾರಿಗೂ ಯಾರ ಅಪ್ಪಣೆಯೂ ಬೇಡ. ಅಷ್ಟು ಹೊತ್ತಿಗೆ 6ಜಿಯ ನಿಯಮ ಬರೆಯುವ ಮೇಜಿನ ಮೇಲೆ ಹೊಸ ಸಂಖ್ಯೆಗಳು ಬಂದಿರುತ್ತವೆ. ಆ ಮೇಜಿನ ಸುತ್ತ ನಮ್ಮವರು ಎಷ್ಟು ಜನ ಕೂತಿರುತ್ತಾರೆ ಎನ್ನುವುದರ ಮೇಲೆ ಮುಂದಿನ ಲೆಕ್ಕದಲ್ಲಿ ನಾವು ಕೊಡುವವರೋ, ಪಡೆಯುವವರೋ ಎಂಬುದು ನಿಂತಿದೆ.